ಶೇಂಗಾ ಬೇಡುವುದೇ ಒಂದು, ನಾವು ಹಾಕುವುದೇ ಇನ್ನೊಂದು

ಪೆದ್ದಕಡುಬೂರು, ಕೋಸಿಗಿ, ಕೌತಾಳಂ ಕಡೆ ಮುಂಗಾರು ಹದವಾಯಿತೆಂದರೆ ಗೊಬ್ಬರದಂಗಡಿಯಲ್ಲಿ ಎರಡೇ ಹೆಸರು: ಡಿಎಪಿ, ಯೂರಿಯಾ. ಹತ್ತಿಗೆ ಹಾಕುವ ಲೆಕ್ಕವನ್ನೇ ಶೇಂಗಾಕ್ಕೂ ಹಾಕುತ್ತೇವೆ. ಆದರೆ ಶೇಂಗಾ ದ್ವಿದಳ ಬೆಳೆ, ಅದರ ಹಸಿವೇ ಬೇರೆ.

"ಯೂರಿಯಾ ಹಾಕದಿದ್ರ ಬೆಳಿ ಮ್ಯಾಲೆ ಏಳಂಗಿಲ್ಲ" ಎಂಬ ಮಾತು ಮೊದಲನೆಯದು. ಬಿತ್ತಿ ತಿಂಗಳಾದ ಮೇಲೆ, ನೆಲದಲ್ಲಿ ಹಸಿ ಇರುವಾಗ, ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಅಗೆದು ತೆಗೆದು ನೀರಲ್ಲಿ ಅದ್ದಿ ನೋಡಿ. ಬೇರಿಗೆ ಅಂಟಿಕೊಂಡು ಸಾಸಿವೆಯಂಥ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಕಂಡರೆ ರೈಜೋಬಿಯಂ ಜೀವಾಣು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದರ್ಥ. ಬಿಳಿಯಿದ್ದರೆ ಕೆಲಸ ಇನ್ನೂ ಶುರುವಾಗಿಲ್ಲ. ಬೇರಿನ ಈ ಗಂಟುಗಳನ್ನೇ ರೋಗವೆಂದು ಬೆದರಿ ಔಷಧಿ ತರಲು ಓಡುವವರೂ ಇದ್ದಾರೆ. ಜಂತುಹುಳುವಿನ ಗಂಟಾದರೆ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಬಿಡುವುದಿಲ್ಲ. ರೈಜೋಬಿಯಂ ಗಂಟುಗಳಾದರೆ ಬೆರಳಿಗೆ ಉದುರುತ್ತವೆ.

ಗಂಟು ಕಟ್ಟುವ ತನಕ ಎಳೆ ಗಿಡಕ್ಕೆ ಸ್ವಲ್ಪ ಸಾರಜನಕ ಬೇಕು, ನಿಜ. ಮಳೆಯಾಶ್ರಿತ ಶೇಂಗಾಕ್ಕೆ ಎಕರೆಗೆ 8 ಕಿಲೋ, ಅಂದರೆ 18 ಕಿಲೋ ಯೂರಿಯಾ ಸಾಕು. ಬಿತ್ತುವಾಗ 50 ಕಿಲೋದ ಒಂದು ಚೀಲ ಡಿಎಪಿ ಹಾಕಿದ್ದರೆ ಅದರಲ್ಲೇ 9 ಕಿಲೋ ಸಾರಜನಕ ಹೋಗಿರುತ್ತದೆ. ಅದರ ಮೇಲೂ ಒಂದು ಚೀಲ ಯೂರಿಯಾ ಎರಚಿದರೆ ಗಿಡ ಸೊಕ್ಕಿ ಎಲೆ ಬಿಡುತ್ತದೆ, ಬೇರುಗಂಟು ಕಟ್ಟುವುದು ಕುಗ್ಗುತ್ತದೆ.

ಬೇರುಗಂಟಿನ ವಿಷಯದಲ್ಲಿ ಸೋಯಾ ಹಟಮಾರಿ. ಬೀದರ, ಬೆಳಗಾವಿ ಕಡೆ ಬೆಳೆಯುವ ಆ ಬೆಳೆಗೆ ತನ್ನದೇ ಜಾತಿಯ ಜೀವಾಣು ಬೇಕು. ಹೊಸ ಹೊಲವಾದರೆ ಬೀಜಕ್ಕೆ ಲೇಪಿಸಲೇಬೇಕು. ಆಫ್ರಿಕಾದ ಹುಲ್ಲುಗಾವಲು ಸೀಮೆಗೆಂದು ನೈಜೀರಿಯಾದ ಇಬಾದಾನಿನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಸ್ಥಳೀಯ ಜೀವಾಣುಗಳ ಜೊತೆಗೂ ಹೊಂದಿಕೊಳ್ಳುವ ಸೋಯಾ ತಳಿಗಳನ್ನೇ ರೂಪಿಸಬೇಕಾಯಿತು. ಶೇಂಗಾ ಅಷ್ಟು ಸತಾಯಿಸುವುದಿಲ್ಲ, ನಮ್ಮ ನೆಲದಲ್ಲಿರುವ ಜೀವಾಣುಗಳೊಂದಿಗೇ ಹೊಂದಿಕೊಂಡು ಹೋಗುತ್ತದೆ.

"ಡಿಎಪಿನೇ ಗಟ್ಟಿ ಗೊಬ್ಬರ, ಸೂಪರ್ ಬರೇ ಬೂದಿ" ಎಂಬುದು ಎರಡನೆಯ ಮಾತು. ರಂಜಕ ಒಂದನ್ನೇ ತೂಗಿದರೆ ಡಿಎಪಿ ಗೆಲ್ಲುತ್ತದೆ, ಅದರಲ್ಲಿ ನೂರಕ್ಕೆ 46 ಪಾಲು. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ 16 ಮಾತ್ರ. ಆದರೆ ಸೂಪರಿನ ಜೊತೆ 11 ಪಾಲು ಗಂಧಕ, ಮೇಲೆ ಸುಣ್ಣದಂಶ ಪುಕ್ಕಟೆ ಬರುತ್ತವೆ. ಡಿಎಪಿಯಲ್ಲಿ ಇವೆರಡೂ ಇಲ್ಲ. ಎಣ್ಣೆಕಾಳಿಗೆ ಗಂಧಕ ಬೇಕೇ ಬೇಕು. ಎಕರೆಗೆ ಎರಡು ಚೀಲ ಸೂಪರ್ ಹಾಕಿದರೆ ಮಳೆಯಾಶ್ರಿತ ಬೆಳೆಗೆ ಹೇಳಿರುವ 16 ಕಿಲೋ ರಂಜಕ ಸಿಗುತ್ತದೆ. ಡಿಎಪಿಗಾಗಿ ಸಾಲು ನಿಲ್ಲುವುದು ಶೇಂಗಾದವರಿಗೆ ಬೇಡದ ಕೆಲಸ.

ಎಲ್ಲಕ್ಕಿಂತ ದುಬಾರಿ ತಪ್ಪು ಜಿಪ್ಸಂನದು. "ಅದು ಚೌಳು ನೆಲಕ್ಕೆ ಹಾಕೋದು", "ನಮ್ಮ ಹೊಲದಾಗ ಸುಣ್ಣದ ಹರಳೇ ಐತಿ, ಮತ್ಯಾಕ ಸುಣ್ಣ?" ಎಂದು ಬಿಟ್ಟುಬಿಡುತ್ತಾರೆ. ಶೇಂಗಾದ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಬೇರಿನಿಂದ ತರಿಸಿಕೊಳ್ಳುವುದಿಲ್ಲ. ತಾನಿರುವ ಜಾಗದ ಮಣ್ಣಿನಿಂದ ಸಿಪ್ಪೆಯ ಮೂಲಕವೇ ನೇರವಾಗಿ ಹೀರುತ್ತದೆ. ಹಾಗಾಗಿ ಸುಣ್ಣದಂಶ ಮೇಲಿನ ಎರಡು ಮೂರು ಇಂಚು ಮಣ್ಣಿನಲ್ಲಿ, ನೀರಲ್ಲಿ ಕರಗಿದ ರೂಪದಲ್ಲಿ ಇರಬೇಕು. ಸುಣ್ಣದ ಹರಳು ಕರಗುವುದು ನೆಪಕ್ಕೆ ಮಾತ್ರ. ಜಿಪ್ಸಂ ಲೀಟರ್ ನೀರಿಗೆ ಎರಡು ಗ್ರಾಮಿನಷ್ಟು ಕರಗುತ್ತದೆ. ಸುಣ್ಣದಂಶ ಸಿಗದ ಕಾಯಿ ಹೊರಗೆ ದಪ್ಪಗಿದ್ದು ಒಳಗೆ ಜೊಳ್ಳಾಗುತ್ತದೆ. ಆದವಾನಿ ಮಾರುಕಟ್ಟೆಯಲ್ಲಿ ಕೈಗೆತ್ತಿಕೊಂಡು ಒಡೆದು ನೋಡುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಎಕರೆಗೆ 200 ಕಿಲೋ ಜಿಪ್ಸಂ ಬೇಕು. ಹೂವು ಬಿಟ್ಟು ಊಡ (ಕಾಯಿ ಕಟ್ಟುವ ಸೂಜಿ) ಮಣ್ಣಿಗಿಳಿಯುವ ಹೊತ್ತಿಗೆ, ಹಸಿ ನೋಡಿ, ಸಾಲಿನ ಬುಡಕ್ಕೆ ಹಾಕಿ ಎಡೆ ಹೊಡೆದು ಮಣ್ಣೇರಿಸಬೇಕು. 45 ದಿನ ದಾಟಿದ ಮೇಲೆ ಎಡೆಕುಂಟೆ ಆಡಿಸಿದರೆ ಊಡಗಳು ಕಿತ್ತುಬರುತ್ತವೆ. ಮಸಾರಿ ಹೊಲದಲ್ಲಿ ಇದರ ಫಲ ಹೆಚ್ಚು. ಹೊಳೆಯಾಚೆ ರಾಯಚೂರು ಸೇರಿ ಕರ್ನಾಟಕದ ಜಿಲ್ಲೆಗಳಲ್ಲಿ 2009ರಿಂದ ನಡೆದ ಭೂಚೇತನ ಯೋಜನೆಯಲ್ಲಿ ಇಕ್ರಿಸ್ಯಾಟ್‌ ಸಂಶೋಧನಾ ಸಂಸ್ಥೆಯವರು ರೈತರ ಮಣ್ಣು ಪರೀಕ್ಷಿಸಿ ಗಂಧಕ, ಸತು, ಬೋರಾನ್ ಕೊರತೆ ಕಂಡು, ಗಂಧಕಕ್ಕಾಗಿ ಜಿಪ್ಸಂ ಹಾಕಿಸಿದ್ದರು.

ಎರೆ ಹೊಲದಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿದರೆ ಮತ್ತೆ ಯೂರಿಯಾದ ಕಡೆ ಕೈ ಚಾಚಬೇಡಿ. ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಕಲಸಿ ಸಿಂಪಡಿಸಿದರೆ ಎಲೆ ಮತ್ತೆ ಹಸಿರಾಗುತ್ತದೆ. ಒಣ ನೆಲದ ಮೇಲೆ ಗೊಬ್ಬರ ಎರಚಿ ಮೋಡ ನೋಡುತ್ತ ಕೂರುವುದಂತೂ ಶುದ್ಧ ದಂಡ. ರಂಜಕ ಬಿದ್ದ ಜಾಗ ಬಿಟ್ಟು ಕದಲುವುದಿಲ್ಲ, ಕೂರಿಗೆಯಲ್ಲೇ ಬೀಜದ ಕೆಳಗೆ ಬೀಳಬೇಕು.

ನಂಬಿಕೆ ಬರದಿದ್ದರೆ ಈ ಸಲ ನಾಲ್ಕು ಸಾಲಿಗೆ ಜಿಪ್ಸಂ ಹಾಕದೆ ಬಿಡಿ. ಕಿತ್ತ ದಿನ ಎರಡೂ ಕಡೆಯ ನೂರು ನೂರು ಕಾಯಿ ಒಡೆದು ಜೊಳ್ಳು ಎಣಿಸಿ, ಆಮೇಲೆ ಮುಂದಿನ ವರ್ಷದ ಗೊಬ್ಬರದ ಚೀಟಿ ಬರೆಯಿರಿ.