ಬಿಸಿಲ ನಾಡಿನಲ್ಲಿ ಮಡಿ ತಗ್ಗಿರಲಿ

ಮಕ್ಕಳಿಗೆ ಬೇಸಿಗೆ ರಜೆ ಬಿದ್ದು ಮನೆಮಂದಿಗೆ ಒಂದಿಷ್ಟು ಬಿಡುವು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಕೈತೋಟದ ಆಸೆ ಚಿಗುರುವುದೂ ಆಗಲೇ. ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದ ಕಡೆ ಬಿಸಿಲು 40 ಡಿಗ್ರಿ ದಾಟಿದ ಹೊತ್ತಿನಲ್ಲಿ ಹಿತ್ತಲು ಅಗೆಯುತ್ತಾರೆ, ನರ್ಸರಿಯಿಂದ ಟೊಮೆಟೊ, ಬದನೆ ಸಸಿ ತರುತ್ತಾರೆ, ಎರಡು ಹೊತ್ತು ನೀರು ಹಾಕುತ್ತಾರೆ. ವಾರ ಕಳೆಯುವುದರೊಳಗೆ ಅರ್ಧ ಸಸಿ ಸುಟ್ಟಿರುತ್ತವೆ. ‘ನಮ್ಮ ಮಣ್ಣೇ ಸರಿಯಿಲ್ಲ’ ಎಂದು ಮನೆಯವರು ಕೈಚೆಲ್ಲುತ್ತಾರೆ.

ಪಾಪ, ಮಣ್ಣಿನ ಮೇಲೆ ಹೊರಿಸುವ ಈ ದೂರು ಬಹಳ ಸಲ ಅನ್ಯಾಯದ್ದು. ಎಡವಟ್ಟಾಗಿರುವುದು ಮಡಿಯ ಆಕಾರದಲ್ಲಿ, ಕೆಲಸದ ಸರದಿಯಲ್ಲಿ.

ಆಕಾರದ ಮಾತು ಮೊದಲು. ಮೊಬೈಲ್‌ನಲ್ಲಿ ಕೈತೋಟದ ವಿಡಿಯೊ ನೋಡಿದರೆ ಹತ್ತರಲ್ಲಿ ಎಂಟು ಕಡೆ ಕಾಣುವುದು ಹಲಗೆಯನ್ನೋ ಇಟ್ಟಿಗೆಯನ್ನೋ ಕಟ್ಟಿ ಮೊಣಕಾಲೆತ್ತರ ಏರಿಸಿದ ಮಡಿ. ಇಂಗ್ಲೆಂಡಿನಂಥ ತಂಪು ದೇಶದಲ್ಲಿ ಅದಕ್ಕೆ ಅರ್ಥವಿದೆ. ಚಳಿಗಾಲ ಕಳೆದ ಮೇಲೆ ಅಲ್ಲಿನ ನೆಲ ಥಂಡಿಯಾಗಿ, ಕೆಸರಾಗಿ ಇರುತ್ತದೆ. ಏರಿಸಿದ ಮಣ್ಣು ಬೇಗ ಬೆಚ್ಚಗಾಗುತ್ತದೆ, ಬೇಗ ನೀರು ಬಸಿಯುತ್ತದೆ. ರಾಯಚೂರಿನ ಬೇಸಿಗೆಗೆ ಈ ಎರಡೂ ಗುಣ ಬೇಡ. ಏರಿಸಿದ ಮಡಿಗೆ ಮೇಲಿನಿಂದಷ್ಟೇ ಅಲ್ಲ, ನಾಲ್ಕೂ ಬದಿಯಿಂದ ಬಿಸಿ ತಾಗುತ್ತದೆ. ಮಧ್ಯಾಹ್ನ ಕಾದ ಇಟ್ಟಿಗೆ ರಾತ್ರಿ ಒಂಬತ್ತಕ್ಕೂ ಬೇರಿನ ಪಕ್ಕದಲ್ಲಿ ಬಿಸಿಯಾಗಿಯೇ ಕೂತಿರುತ್ತದೆ. ಅಂಗಳಕ್ಕೆ ಶಹಾಬಾದ್ ಪರಸಿ ಹಾಸಿದ ಮನೆಯಾದರಂತೂ ಕೇಳುವುದೇ ಬೇಡ.

ಮಳೆ ಕಡಿಮೆ ಇರುವ ನಾಡುಗಳ ಹಳೆಯ ತೋಟಗಾರರು ಇದಕ್ಕೆ ತಿರುವುಮುರುವಾಗಿ ಯೋಚಿಸಿದ್ದರು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ಝೂನಿ ಮೂಲನಿವಾಸಿಗಳ ತರಕಾರಿ ತೋಟ ಮೇಲಿನಿಂದ ನೋಡಿದರೆ ಚೌಕಾಬಾರದ ಮನೆಗಳ ಹಾಗೆ ಕಾಣುತ್ತದೆ. ಸಣ್ಣ ಸಣ್ಣ ಚೌಕಗಳು, ಒಂದೊಂದಕ್ಕೂ ಸುತ್ತ ಮಣ್ಣಿನ ಗಿಡ್ಡ ಒಡ್ಡು, ಗಿಡ ಇರುವುದು ಒಡ್ಡಿನ ಮರೆಯಲ್ಲಿ, ತಗ್ಗಿನಲ್ಲಿ. ನದಿಯಿಂದ ಹೊತ್ತು ತಂದು ಸುರಿದ ನೀರು ಒಂದು ಹನಿಯೂ ಆಚೆ ಹರಿಯುವುದಿಲ್ಲ. ಒಣಗಾಳಿ ಎಳೆ ಸಸಿಯ ತಲೆಯ ಮೇಲೆ ಹಾದುಹೋಗುತ್ತದೆ. ಈ ತೋಟಗಳನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚಾಗಿ ಹೆಂಗಸರು.

ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊದ ಕಥೆ ಇನ್ನೂ ದೊಡ್ಡದು. ಅಲ್ಲಿನ ರೈತ ಯಾಕೂಬಾ ಸವಾಡೊಗೊ 1980ರ ಆಸುಪಾಸಿನ ಬರಗಾಲದಲ್ಲಿ ಊರು ಬಿಡದೆ, ‘ಝಾಯ್’ ಎಂಬ ಹಳೆಯ ಕುಣಿ ಪದ್ಧತಿಯನ್ನು ತಿದ್ದಿ ಬಳಸಿದರು. ನೆಲ ಕಲ್ಲಿನಂತೆ ಗಟ್ಟಿಯಾಗಿರುವ ಬೇಸಿಗೆಯಲ್ಲೇ ಒಂದಡಿಯೊಳಗಿನ ಕುಣಿ ತೋಡುವುದು, ಅದಕ್ಕೆ ಗೊಬ್ಬರ, ಒಣ ಎಲೆ ತುಂಬುವುದು. ಎಲೆಗೆ ಗೆದ್ದಲು ಬರುತ್ತದೆ. ಬರಲಿ ಎಂದೇ ಅವರು ಕಾಯುತ್ತಿದ್ದರು. ಗೆದ್ದಲು ಕೊರೆದ ಸುರಂಗಗಳಲ್ಲಿ ಮೊದಲ ಮಳೆಯ ನೀರು ಕೆಳಗಿಳಿಯುತ್ತದೆ. ಮಳೆ ಬಿದ್ದ ಮೇಲೆ ಜೋಳ, ಸಜ್ಜೆ ಬಿತ್ತುತ್ತಿದ್ದರು. ಬಂಜರು ನೆಲ ಬೆಳೆ ಕೊಟ್ಟಿತು, ಮುಂದೆ ಅಲ್ಲೇ ಕಾಡೂ ಬೆಳೆಯಿತು. 2018ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. 2023ರ ಕೊನೆಯಲ್ಲಿ ತೀರಿಕೊಂಡರು.

ಸವಾಡೊಗೊ ಕೆಲಸದ ಸರದಿಯನ್ನು ಗಮನಿಸಬೇಕು. ಬಿಸಿಲಿನಲ್ಲಿ ಅಗೆತ, ಮಳೆಯಲ್ಲಿ ಬಿತ್ತನೆ. ನಮ್ಮ ರೈತರ ಮಾಗಿ ಉಳುಮೆಯ ಲೆಕ್ಕವೂ ಇದೇ ಅಲ್ಲವೇ? ಬೇಸಿಗೆ ಮಡಿ ಕಟ್ಟುವ ಕಾಲ, ಸಸಿ ನೆಡುವ ಕಾಲವಲ್ಲ. ಮೇ ತಿಂಗಳ ಉರಿಯಲ್ಲಿ ಸಸಿ ನೆಟ್ಟು ಬದುಕಿಸುವುದು ಸಾಧ್ಯ. ಆದರೆ ಅದಕ್ಕೆ ಸುರಿಯುವ ನೀರು, ಪಡುವ ಪಾಡು ನೋಡಿದರೆ ಸಂತೆಯ ಬದನೆಕಾಯಿಯೇ ಅಗ್ಗ.

ಕೆಲಸ ನೆಲ ನೋಡುವುದರಿಂದ ಶುರುವಾಗಬೇಕು. ಹೊಸ ಬಡಾವಣೆಯ ಮನೆಗಳಲ್ಲಿ ಅಡಿಪಾಯಕ್ಕೆಂದು ಎರೆಮಣ್ಣು ತೆಗೆದು ಗರಸು ತುಂಬಿರುತ್ತಾರೆ. ಅದರ ಮೇಲೆ ಸಿಮೆಂಟ್ ಚೂರು, ಜಲ್ಲಿ. ಅಂಥ ಕಡೆ ಒಂದಡಿ ತೆಗೆದು ಬೇರೆ ಮಣ್ಣು ತುಂಬದೆ ಗತಿಯಿಲ್ಲ. ಒಳ್ಳೆಯ ಮಣ್ಣಿದ್ದರೆ ಒಂದಡಿ ಆಳದ ಕುಣಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆಗೂ ನೀರು ನಿಂತಿದ್ದರೆ ಆ ಜಾಗದಲ್ಲಿ ತಗ್ಗುಮಡಿ ಬೇಡ.

ಜಾಗ ಪಾಸಾದರೆ ನಾಲ್ಕು ಅಡಿ ಅಗಲದ ಮಡಿ ಸಾಕು, ಎರಡೂ ಬದಿಯಿಂದ ಕೈ ನಡುವಿನವರೆಗೆ ಮುಟ್ಟಬೇಕು. ಉದ್ದ ಜಾಗವಿದ್ದಷ್ಟು. ಒಂದಡಿ ಆಳ ಅಗೆದು, ಮೇಲಿನ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಮರಳಿ ತುಂಬುವುದು. ಉಳಿದ ಮಣ್ಣಿನಿಂದ ಸುತ್ತ ಒಡ್ಡು ಹಾಕುವುದು. ಮಡಿಯ ಮುಖ ಓಡಾಡುವ ದಾರಿಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕೂರಬೇಕು. ಹಸಿ ಸಗಣಿ ಮಾತ್ರ ಹಾಕಬಾರದು, ಅದರ ಬೆನ್ನಿಗೆ ಗೊಣ್ಣೆಹುಳು ಬರುತ್ತದೆ. ಬೇವಿನ ಹಿಂಡಿ ಒಂದಿಷ್ಟು ಬೆರೆತರೆ ಒಳ್ಳೆಯದು. ಮಸಾರಿ ನೆಲದಲ್ಲಿ ನೀರು ಬೇಗ ಕೆಳಗಿಳಿದು ಕೈತಪ್ಪುತ್ತದೆ. ಅದಕ್ಕೆ ನಮ್ಮ ಹಿರಿಯರ ಮದ್ದು ಕೆರೆಗೋಡು. ಕೆರೆ ಬತ್ತುವುದೂ ಬೇಸಿಗೆಯಲ್ಲೇ ಆದ್ದರಿಂದ ಒಂದೆರಡು ಬುಟ್ಟಿ ಹೂಳು ತರಲು ಇದೇ ಸಮಯ.

ಮಡಿ ಸಿದ್ಧವಾಯಿತೆಂದು ಕೂಡಲೇ ಬೀಜ ಹಾಕಬೇಕಿಲ್ಲ. ಇಷ್ಟು ಹೊತ್ತು ಶತ್ರುವಾಗಿದ್ದ ಬಿಸಿಲನ್ನು ಈಗ ಆಳಿನಂತೆ ದುಡಿಸಿಕೊಳ್ಳಬಹುದು. ಇಸ್ರೇಲ್‌ನ ಯಾಕೋವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾಗಿತ್ತು. ಬೇಸಿಗೆಯಲ್ಲಿ ನೆಲವನ್ನು ಚೆನ್ನಾಗಿ ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಲ್ಲಿ ಹೂತು ಬಿಡುವುದು. ಹಾಳೆಯಡಿ ಎರಡು ಇಂಚು ಆಳದ ಮಣ್ಣು 50 ಡಿಗ್ರಿಯ ಸುಮಾರಿಗೆ ಕಾಯುತ್ತದೆ. ನಾಲ್ಕರಿಂದ ಆರು ವಾರ ಹೀಗೆ ಬೆಂದರೆ ಸೊರಗು ರೋಗದ ಶಿಲೀಂಧ್ರ, ಮೇಲ್ಪದರದ ಜಂತುಹುಳು, ಕಳೆಬೀಜ ಬಹುಪಾಲು ಸಾಯುತ್ತವೆ. ಹಾಳೆ ಕಪ್ಪಗಿದ್ದರೆ ಹೆಚ್ಚು ಕಾಯುತ್ತದೆ ಎಂದು ತೋರಬಹುದು, ಆಗುವುದು ಉಲ್ಟಾ: ಕಪ್ಪು ಹಾಳೆ ಬಿಸಿಲನ್ನು ತಾನೇ ನುಂಗುತ್ತದೆ, ತಿಳಿಹಾಳೆ ಮಣ್ಣಿಗೆ ದಾಟಿಸುತ್ತದೆ. ಮಣ್ಣು ಒದ್ದೆಯಿರಬೇಕು, ಒಣ ಮಣ್ಣಿನಲ್ಲಿ ಬಿಸಿ ಆಳಕ್ಕಿಳಿಯುವುದಿಲ್ಲ. ಇಷ್ಟಾದರೂ ಜೇಕಿನ ಗಡ್ಡೆ, ಆಳಕ್ಕಿಳಿದ ಗರಿಕೆಯ ಬೇರು ಬಗ್ಗುವುದಿಲ್ಲ. ಅವನ್ನು ಅಗೆಯುವಾಗಲೇ ಆರಿಸಿ ಹೊರಗೆ ಬಿಸಿಲಿಗೆ ಹರಡಬೇಕು.

ಈಗ ನೀರಿನ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಗಾಳಿ ಬೀಸುವ ಒಂದು ದಿನದಲ್ಲಿ ಎಂಟು ಮಿಲಿಮೀಟರ್ ಆವಿಯಾಯಿತು ಎಂದುಕೊಂಡರೆ, ನಾಲ್ಕಡಿಗೆ ಹತ್ತಡಿಯ ಪುಟ್ಟ ಮಡಿ ದಿನಕ್ಕೆ 30 ಲೀಟರ್, ಅಂದರೆ ಸುಮಾರು ಎರಡು ಕೊಡ ನೀರು ಕಳೆದುಕೊಳ್ಳುತ್ತದೆ. ಇದನ್ನು ತಗ್ಗಿಸಲು ಮಣ್ಣಿನ ಮುಖ ಮುಚ್ಚಬೇಕು. ಬರಿ ನೆಲದ ಮೇಲ್ಮೈ ಮಧ್ಯಾಹ್ನದಲ್ಲಿ 60 ಡಿಗ್ರಿ ಮುಟ್ಟಬಲ್ಲದು. ಮೂರಿಂಚು ಜೋಳದ ಕಣಿಕೆ, ಶೇಂಗಾ ಹೊಟ್ಟು, ಒಣ ಎಲೆ ಹಾಸಿದರೆ ಅದೇ ನೆಲ ಕೈಗೆ ತಂಪಾಗಿ ಸಿಗುತ್ತದೆ. ಹೊದಿಕೆ ಹಾಕುವುದು ಮಣ್ಣು ತೋಯಿಸಿದ ಮೇಲೆ, ಕಾಂಡಕ್ಕೆ ತಾಗದ ಹಾಗೆ. ರಟ್ಟು, ಹುಲ್ಲು, ಎಲೆ ಪದರ ಪದರವಾಗಿ ಪೇರಿಸಿ ಅಗೆಯದೆಯೇ ಮಡಿ ಮಾಡುವ ಹೊಸ ಫ್ಯಾಶನ್ ಮಾತ್ರ ಒಣ ಬೇಸಿಗೆಯಲ್ಲಿ ನೆಚ್ಚುವಂಥದ್ದಲ್ಲ. ತೇವವಿಲ್ಲದೆ ಅದು ಕಳಿಯುವುದಿಲ್ಲ. ಸವಾಡೊಗೊಗೆ ನಂಟನಾದ ಗೆದ್ದಲು ಇಲ್ಲಿ ರಟ್ಟು ಮುಗಿಸಿ ಸಸಿಯ ಬುಡಕ್ಕೂ ಬಾಯಿ ಹಾಕಬಹುದು.

ನೀರು ಉಳಿಸುವ ಇನ್ನೊಂದು ಉಪಾಯಕ್ಕೆ ಎರಡು ಸಾವಿರ ವರ್ಷ ವಯಸ್ಸು. ಕ್ರಿಸ್ತಪೂರ್ವ ಮೊದಲ ಶತಮಾನದ ಚೀನಾದ ಕೃಷಿ ಬರಹಗಾರ ಫಾನ್ ಶೆಂಗ್‌ಝಿ, ಮಣ್ಣಿನ ಮಡಕೆಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತು, ಸುತ್ತ ಕರಬೂಜದ ಜಾತಿಯ ಬಳ್ಳಿಯ ಬೀಜ ಹಾಕಿ, ಮಡಕೆಗೆ ಸದಾ ನೀರು ತುಂಬಿಸಿಡಲು ಹೇಳಿದ್ದಾನೆ. ಮಡಕೆಯ ಮೈಯಿಂದ ಜಿನುಗುವ ನೀರು ನೇರ ಬೇರಿಗೆ ಹೋಗುತ್ತದೆ. ಸುತ್ತಲ ಮಣ್ಣು ಒಣಗಿದಷ್ಟೂ ಜಿನುಗು ಹೆಚ್ಚು, ತೇವವಿದ್ದರೆ ಕಡಿಮೆ. ಕುಂಬಾರರ ಮಡಕೆಯೇ ಆಗಬೇಕು, ಒಳಗೆ ಹೊರಗೆ ಬಣ್ಣ ಬಳಿದದ್ದು ಕೆಲಸಕ್ಕೆ ಬಾರದು. ಹೀರೆ, ಸೋರೆ, ಸೌತೆಬಳ್ಳಿಗೆ ಇದಕ್ಕಿಂತ ಅಗ್ಗದ ಹನಿ ನೀರಾವರಿ ಇಲ್ಲ. ಬಾಯಿಗೆ ಮುಚ್ಚಳ ಇಡುವುದು ಮರೆತರೆ ಸೊಳ್ಳೆಯ ಕೃಷಿಯೂ ಆದೀತು.

ಬೋರ್‌ವೆಲ್ ನೀರಿನ ಊರುಗಳಲ್ಲಿ ಉಪ್ಪಿನ ಕಾಟ ಬೇರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿದು ಮಣ್ಣಿನ ಮೇಲೆ ಬಿಳಿ ಪೊರೆಯಾಗುತ್ತದೆ. ಏರಿಸಿದ ಮಡಿಯಲ್ಲಿ ಅದು ನೆತ್ತಿಗೇರಿ ಕೂರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ‘ಸವಳು’ ಎಂದರೆ ಏನೆಂದು ವಿವರಿಸಬೇಕಿಲ್ಲ. ದಿನಾ ಒಂದು ಚೊಂಬು ಚಿಮುಕಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ತುಂಬಿಸಿದರೆ ಉಪ್ಪು ಬೇರಿನ ಕೆಳಗೆ ಜಾರುತ್ತದೆ, ಬೇರೂ ಆಳಕ್ಕೆ ಹೋಗುತ್ತದೆ.

ಏನು ಹಾಕಬೇಕು? ಸ್ವಲ್ಪ ಮುಂಗಾರು ಪೂರ್ವದ ಮಳೆ ಸಿಕ್ಕರೆ ರಾಜಗಿರಿ, ಪುಂಡಿ, ಬಸಳೆ, ಬೆಂಡೆ, ಚವಳಿಕಾಯಿ, ಅಲಸಂದೆಗೆ ರೋಹಿಣಿಯ ಹೊತ್ತಿಗೇ ಬೀಜ ಹಾಕಬಹುದು. ಇವು ಬಿಸಿಲುಂಡು ಬೆಳೆಯುವ ಜಾತಿ. ಟೊಮೆಟೊ ಹಗಲು 35 ಡಿಗ್ರಿ ದಾಟಿದರೆ ಹೂ ಉದುರಿಸತೊಡಗುತ್ತದೆ. ಲೆಟಿಸ್ ಬೀಜ 30 ಡಿಗ್ರಿಯ ಸುಮಾರಿಗೆ ಮೊಳೆಯಲು ಒಲ್ಲೆ ಎನ್ನುತ್ತದೆ. ಅವಕ್ಕೆ ಜುಲೈ, ಆಗಸ್ಟ್ ಇದ್ದೇ ಇದೆ. ಸಸಿ ನೆಡುವುದು ಸಂಜೆಗೆ. ಮೊದಲ ಹತ್ತು ದಿನ ಪಡುವಣ ಬದಿಗೆ ಬೇವಿನ ಟೊಂಗೆ ಊರಿದರೆ ನೆರಳಿನ ಬಲೆ ಕೊಳ್ಳುವ ಖರ್ಚಿಲ್ಲ.

ಎರೆ ನೆಲದವರಿಗೆ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಮಣ್ಣು ಮಳೆಗೆ ಹಿಗ್ಗಿ ಬಿರುಕು ಮುಚ್ಚಿ ನೀರು ನಿಲ್ಲಿಸಿಕೊಳ್ಳುತ್ತದೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಎರೆ ಹೊಲಗಳಿಗೆ ಮಳೆಗಾಲದಲ್ಲಿ ಅಗಲವಾದ ಏರುಮಡಿ, ನಡುವೆ ಬಸಿಯುವ ಸಾಲು ಎಂಬ ಪದ್ಧತಿ ರೂಪಿಸಿದ್ದು ಇದಕ್ಕಾಗಿಯೇ. ಹಿತ್ತಲಿನಲ್ಲಿ ಅಷ್ಟೆಲ್ಲ ಬೇಕಿಲ್ಲ. ಮೃಗಶಿರಾ ಮಳೆ ಹಿಡಿಯುತ್ತಿದ್ದಂತೆ ಒಡ್ಡಿನ ತಗ್ಗು ಮೂಲೆಯನ್ನು ಗುದ್ದಲಿಯಿಂದ ಒಡೆದು, ಆ ಮಣ್ಣನ್ನು ಗಿಡದ ಬುಡಕ್ಕೆ ಏರಿಸಿದರೆ ನೀರು ಹೊರಗೆ ಹರಿಯುತ್ತದೆ. ದಸರೆ ಕಳೆದು ಮಳೆ ಹಿಂದೆ ಸರಿದ ಮೇಲೆ ಆ ಮೂಲೆಯನ್ನು ಮತ್ತೆ ಮುಚ್ಚುವುದು.