ಪರಂಗಿಕಾಯಿ ಹಾಲು ಕಟ್ಟಿದ ಕಾರ್ಖಾನೆ

ಬಲಿತ ಕುರಿಯ ಮಾಂಸ ಬೇಗ ಬೇಯದಿದ್ದರೆ ನಮ್ಮ ಕಡೆ ಸಾರಿಗೆ ಒಂದೆರಡು ಹೋಳು ಪರಂಗಿಕಾಯಿ ಹಾಕುತ್ತಾರೆ. ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸವನ್ನು ಮೆತ್ತಗಾಗಿಸುತ್ತದೆ. ಬೆಂಗಳೂರಿನ ಅಂಚಿನ ಹೆಬ್ಬಗೋಡಿ, ಬೊಮ್ಮಸಂದ್ರದ ಔಷಧ ಉದ್ಯಮದ ಬೇರು ಕೆದಕಿದರೆ ಸಿಗುವುದು ಇದೇ ಹಾಲು. ಹೊಸೂರು ರಸ್ತೆಯ ಏಳಿಗೆಯ ಕಥೆ ಹೇಳುವವರು ಮಾತ್ರ ಕಂಪ್ಯೂಟರಿನಿಂದಲೇ ಶುರುಮಾಡುತ್ತಾರೆ.

ಔಷಧ ಕಂಪನಿ ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಕಲಿತದ್ದು ಬಿಯರ್ ತಯಾರಿಕೆ. ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂ ಮಾಸ್ಟರ್. ಮಗಳು ಅದೇ ವಿದ್ಯೆ ಕಲಿತು ಬಂದರೆ, ಹೆಂಗಸಿಗೆ ಆ ಹುದ್ದೆ ಕೊಡಲು ಇಲ್ಲಿನ ಕಂಪನಿಗಳಿಗೆ ಮನಸ್ಸಿಲ್ಲ! ಆ ಮೊಂಡುತನಕ್ಕೆ ಬೊಮ್ಮಸಂದ್ರ ಋಣಿಯಾಗಿರಬೇಕು. 1978ರಲ್ಲಿ ಐರ್ಲೆಂಡಿನ ಕಂಪನಿಯೊಂದರ ಪಾಲುದಾರಿಕೆಯಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ, ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ ಬಯೋಕಾನ್ ಇಂಡಿಯಾ ಶುರುವಾಯಿತು. ಮೊದಲ ಸರಕು ಎರಡೇ: ಪರಂಗಿಯ ಪಪೇನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಯಾಗಿಸಲು ಬೇಕಾದವು. ವರ್ಷದೊಳಗೆ ಅಮೆರಿಕ, ಯುರೋಪಿಗೆ ರಫ್ತು. ಮೊದಲ ವರ್ಷದ ಗಳಿಕೆಯಲ್ಲೇ 20 ಎಕರೆ ಜಮೀನು ಕೊಂಡರು.

ಪರಂಗಿ ಹಾಲು ತೆಗೆಯುವುದು ಸುಮ್ಮನೆ ಆಗುವ ಕೆಲಸವಲ್ಲ. ಹಾಲು ಚೆನ್ನಾಗಿ ಸುರಿಯುವುದು ಬೆಳಗಿನ ಜಾವದಲ್ಲೇ. ಹಣ್ಣಾಗದ ಹಸಿರು ಕಾಯಿಗೆ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಗೀರು ಹಾಕಬೇಕು. ಗೀರು ಆಳವಾದರೆ ಕಾಯಿಯೇ ಕೆಡುತ್ತದೆ. ಕಬ್ಬಿಣ ತಾಗಿದರೆ ಹಾಲು ಕಪ್ಪಾಗುತ್ತದೆ, ಅದಕ್ಕೇ ಸ್ಟೀಲ್ ಬ್ಲೇಡು. ಕೈಗೆ ಹತ್ತಿದರೆ ಚರ್ಮ ಉರಿಯುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಕಾಯಿಗೆ ಹೊಸ ಗೀರು. ಮೈತುಂಬ ಕಲೆಯಾದ ಆ ಕಾಯನ್ನು ಹಣ್ಣಿನಂಗಡಿಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಟೂಟಿಫ್ರೂಟಿ ಮಾಡುವವರು ಒಯ್ಯುತ್ತಾರೆ.

ಇತ್ತ ಬೊಮ್ಮಸಂದ್ರ ಇರುವ ಆನೇಕಲ್ ತಾಲ್ಲೂಕಿನಲ್ಲಿ ಮಳೆ ನಂಬಿದ ರಾಗಿ, ಸಾಲಿನಲ್ಲಿ ಅವರೆ, ಹುರುಳಿ, ನೀರಿದ್ದಲ್ಲಿ ಹಿಪ್ಪುನೇರಳೆ. ಕೈಗಾರಿಕೆಗೆ ಜಮೀನು ಒದಗಿಸುವ ಸರ್ಕಾರಿ ಮಂಡಳಿ ಕೆಐಎಡಿಬಿ ಹುಟ್ಟಿದ್ದು 1966ರಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆ ಹೋಯಿತು. ಬೊಮ್ಮಸಂದ್ರ, ಜಿಗಣಿಯ ಹೊಲಗಳೂ ಸೈಟು, ಶೆಡ್ಡು ಆದವು. ಕೃಷಿ ಉದ್ಯಮಕ್ಕೆ ಕಚ್ಚಾಮಾಲು, ದುಡಿಯುವ ಕೈ, ಕೊಳ್ಳುವ ಗಿರಾಕಿ ಎಲ್ಲವನ್ನೂ ಕೊಡುತ್ತದೆ ಎಂದು ಅರ್ಥಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಇಲ್ಲಿ ಉದ್ಯಮ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದ್ದು ನೆಲವನ್ನು. ತೋಟದ ಹಾಲಿನಿಂದ ಕಾರ್ಖಾನೆ ಕಟ್ಟಬಹುದೆಂದು ಕಣ್ಣೆದುರೇ ಸಾಬೀತಾಗಿದ್ದರೂ, ರಾಗಿಗೋ ಅವರೆಗೋ ಅಂಥದ್ದೇನಾದರೂ ಮಾಡೋಣವೆಂದು ಯೋಜನೆ ಬರೆಯುವವರಿಗೆ ಹೊಳೆಯಲಿಲ್ಲವೆಂಬುದೇ ನನ್ನ ತಕರಾರು.

ಬಯೋಕಾನ್ ಕೂಡ ತೋಟದಿಂದ ದೂರ ಸರಿಯಿತು. ಹುದುಗಿಸುವ ವಿದ್ಯೆ ಕೈಬಿಡಲಿಲ್ಲ. ಬಿಯರಿನ ಬದಲು ಯೀಸ್ಟಿನಿಂದ ಇನ್ಸುಲಿನ್ ತೆಗೆಯಿತು. ಬೊಮ್ಮಸಂದ್ರ–ಜಿಗಣಿ ಲಿಂಕ್ ರಸ್ತೆಯಲ್ಲಿ ದೊಡ್ಡ ಘಟಕ ಎದ್ದಿತು. ಪರಂಗಿ ಹಾಲಿನಿಂದ ಶುರುವಾದ ಕಿಣ್ವದ ವ್ಯಾಪಾರವನ್ನು ಕಂಪನಿ 2007ರಲ್ಲಿ ಡೆನ್ಮಾರ್ಕಿನ ನೋವೋಝೈಮ್ಸ್‌ಗೆ ಮಾರಿಬಿಟ್ಟಿತು.