ಮೊಡವೆಗೆ ರಾತ್ರಿ ಹಚ್ಚುವ ಮುಲಾಮು

ಮೊಡವೆಯ ವಿಷಯ ಪ್ರಸಾರವಾದಾಗಲೆಲ್ಲ ವೀಕ್ಷಕರ ಪತ್ರಗಳಲ್ಲಿ ಒಂದು ದೂರು ಇದ್ದೇ ಇರುತ್ತದೆ: ವೈದ್ಯರು ಬರೆದುಕೊಟ್ಟ ಮುಲಾಮಿನಿಂದ ಮುಖ ಉರಿದು ಸಿಪ್ಪೆ ಎದ್ದಿತು, ಬಿಟ್ಟುಬಿಟ್ಟೆವು. ಇಂತಹ ಮುಲಾಮುಗಳಲ್ಲಿ ಹಲವು ರೆಟಿನಾಯ್ಡ್‌ಗಳು, ಅಂದರೆ 'ಎ' ಜೀವಸತ್ವದ ಬಳಗಕ್ಕೆ ಸೇರಿದವು. ಅವುಗಳಲ್ಲಿ ಟ್ರೆಟಿನಾಯಿನ್ ಮೊಡವೆಗೆ ಉಪಯುಕ್ತವೆಂದು ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. ಅಡಾಪಲೀನ್ ಅನಂತರ ಬಂದದ್ದು. ಉರಿ ಸ್ವಲ್ಪ ಕಡಿಮೆ.

ಮೊಡವೆ ಹುಟ್ಟುವುದು ಕೂದಲಿನ ಬುಡದ ರಂಧ್ರದಲ್ಲಿ. ಉದುರಬೇಕಾದ ಜೀವಕೋಶಗಳು ಜಿಡ್ಡಿನೊಡನೆ ಅಂಟಿಕೊಂಡು ಬಿರಡೆಯಂತೆ ಬಾಯಿ ಕಟ್ಟುತ್ತವೆ. ರೆಟಿನಾಯ್ಡ್ ಈ ಬಿರಡೆ ಕಟ್ಟದಂತೆ ತಡೆಯುತ್ತದೆ. ಆದ್ದರಿಂದಲೇ ಎದ್ದ ಮೊಡವೆಯ ಮೇಲಷ್ಟೇ ಚುಕ್ಕಿ ಇಟ್ಟರೆ ಸಾಲದು. ಮೊಡವೆ ಏಳುವ ಭಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಕಣ್ಣು, ತುಟಿ, ಮೂಗಿನ ಅಂಚುಗಳನ್ನು ಬಿಡಿ. ರಾತ್ರಿ ಮುಖ ತೊಳೆದು, ಚೆನ್ನಾಗಿ ಒಣಗಿದ ಮೇಲೆ, ಮೊದಲ ಕೆಲವು ವಾರ ದಿನ ಬಿಟ್ಟು ದಿನ ಹಚ್ಚಿ. ಉರಿ ಎನಿಸಿದರೆ ಮೊದಲು ಮಾಯಿಶ್ಚರೈಸರ್ ಸವರಿಕೊಳ್ಳಬಹುದು. ಹಗಲು ಸನ್‌ಸ್ಕ್ರೀನ್ ಬೇಕು. ನಿಂಬೆರಸ, ಒರಟು ಸ್ಕ್ರಬ್, ಮುಖದ ವ್ಯಾಕ್ಸಿಂಗ್ ಬೇಡ. ಆರಂಭದಲ್ಲಿ ಮೊಡವೆ ತುಸು ಹೆಚ್ಚಿದಂತೆ ಕಂಡೀತು. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ.

ಈ ಹನ್ನೆರಡು ವಾರವೇ ಕಷ್ಟ. ನನ್ನ ಅಕ್ಕನ ಮಗಳು, ಹೆಣ್ಣು ನೋಡಲು ಬರುವವರಿದ್ದಾರೆಂದು, ದಿನಕ್ಕೆರಡು ಬಾರಿ ದಪ್ಪಗೆ ಬಳಿದುಕೊಂಡಳು. ಮುಖ ಕೆಂಪಾಯಿತು. ಔಷಧಿ ಅಂಗಡಿಯವರು ಬೇರೊಂದು ಟ್ಯೂಬ್ ಕೊಟ್ಟರು. ಮೂರೇ ದಿನದಲ್ಲಿ ಮುಖ ತಿಳಿಯಾಯಿತು! ಅದರಲ್ಲಿದ್ದುದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿ ನಿಲ್ಲಿಸಿದಾಗ ಮೊದಲಿಗಿಂತ ಹೆಚ್ಚು ಮೊಡವೆ, ಬಿಸಿಲಿಗೆ ಹೋದರೆ ಉರಿ. ವಿಜ್ಞಾನ ಓದಿದ ಮಾವ ಮನೆಯಲ್ಲಿದ್ದೂ ಟ್ಯೂಬಿನ ಮೇಲಿನ ಅಕ್ಷರ ಓದಲಿಲ್ಲ ಎಂಬುದು ನನ್ನ ಪಾಲಿನ ತಪ್ಪು. ಬಿಳುಪಿಗೆಂದು ಕೊಳ್ಳುವ ಕೆಲವು ಕ್ರೀಮುಗಳಲ್ಲಿ ಟ್ರೆಟಿನಾಯಿನ್, ಹೈಡ್ರೋಕ್ವಿನೋನ್, ಸ್ಟೀರಾಯ್ಡ್ ಮೂರೂ ಇರುತ್ತವೆ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿರ್ಬಂಧಿಸಿತು. ಆದರೂ ಟ್ಯೂಬಿನ ಮೇಲೆ ಮೊಮೆಟಸೋನ್, ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಅದು ಮೊಡವೆಯ ಮುಲಾಮಲ್ಲ. ಬಹುಕಾಲ ಹಚ್ಚಿದ್ದರೆ ತಾವಾಗಿಯೇ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಿ.

ಇನ್ನೊಂದು ಮಾತು, ಮದುವೆಯಾದ ಹೆಣ್ಣುಮಕ್ಕಳಿಗೆ. ಗರ್ಭಿಣಿಯರು ರೆಟಿನಾಯ್ಡ್ ಹಚ್ಚಬಾರದು. ಮಗುವಿನ ಯೋಚನೆಯಿದ್ದರೆ ಅದನ್ನು ಸಂಕೋಚಪಡದೆ ವೈದ್ಯರಿಗೆ ಮೊದಲೇ ಹೇಳಿ. ಬೇರೆ ಮುಲಾಮು ಬರೆದುಕೊಡುತ್ತಾರೆ.